ಜೋಡಿ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ ಬದಲಾವಣೆ: ಸೇವೆ ನಿಲ್ಲದಂತೆ ಹೇಗೆ?

ಸಂತೆಕಟ್ಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಡರ್‌ಪಾಸ್ ಕಾಮಗಾರಿ ನಡೆಯುತ್ತಿದ್ದಾಗ ಉಡುಪಿ–ಕುಂದಾಪುರ ನಡುವಿನ ಸಂಚಾರ ನಿಲ್ಲಲಿಲ್ಲ. ವಾಹನಗಳು ಸರ್ವಿಸ್ ರಸ್ತೆಗೆ ಇಳಿದು ಸಾಗಿದವು. ಆದರೆ ಅಂತಹ ಸಮಯದಲ್ಲಿ ಸರ್ವಿಸ್ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮತ್ತೊಂದು ದಾರಿ ಇರುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳ ಜೋಡಿ ಸರ್ವರ್‌ಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಅಳವಡಿಸುವಾಗಲೂ ಸ್ಥಿತಿ ಇದೇ ಆಗಿರುತ್ತದೆ.

ಸಂಸ್ಥೆಯೊಂದರ ಇತರ ಗಣಕಯಂತ್ರಗಳ ಮೇಲೆ ನಿಗಾ ಇಟ್ಟು, ಬಳಕೆದಾರರ ಪ್ರವೇಶ, ಬ್ಯಾಕಪ್, ಎಚ್ಚರಿಕೆ ಸಂದೇಶ ಮುಂತಾದವನ್ನು ನೋಡಿಕೊಳ್ಳುವ ಯಂತ್ರವೇ ನಿರ್ವಹಣಾ ಸರ್ವರ್. ಇದು ಕೆಟ್ಟಾಗ ಉಳಿದ ಯಂತ್ರಗಳು ಸಾಮಾನ್ಯವಾಗಿ ತಕ್ಷಣ ನಿಲ್ಲುವುದಿಲ್ಲ. ಆದರೆ ಅವುಗಳ ಸ್ಥಿತಿಗತಿ ತಿಳಿಯುವ ಮಾರ್ಗ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಇದನ್ನು ಜೋಡಿಯಾಗಿ ಇರಿಸುತ್ತಾರೆ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಅದರ ಮಾಹಿತಿಯನ್ನು ಕ್ಷಣಕ್ಷಣವೂ ನಕಲಿಸಿಕೊಳ್ಳುತ್ತ ಸಿದ್ಧವಾಗಿರುತ್ತದೆ. ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷಗಳ ನಿಲುಗಡೆ. ಶೇ. 99.99 ಎಂದರೆ 52 ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು. ಈ ಎರಡನೆಯ ಗುರಿ ಇಟ್ಟುಕೊಂಡವರಿಗೆ ಇಡೀ ರಾತ್ರಿ ಸರ್ವರ್ ಮುಚ್ಚಿ ಕೆಲಸ ಮಾಡುವ ಸ್ವಾತಂತ್ರ್ಯವಿಲ್ಲ.

ಹಾಗಿದ್ದರೆ ಹಳೆಯದನ್ನೇ ಮುಂದುವರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಭದ್ರತಾ ಪರಿಷ್ಕರಣೆಗಳು ನಿಲ್ಲುವುದೇ ಇದಕ್ಕೆ ಉತ್ತರ. ಅನೇಕ ಕಚೇರಿಗಳು ನೆಚ್ಚಿಕೊಂಡಿದ್ದ ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು. ವಿಂಡೋಸ್ ಸರ್ವರ್ 2012ರ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ರಂದು ಕೊನೆಗೊಂಡಿತು. ವಿಂಡೋಸ್ ಸರ್ವರ್ 2016ಕ್ಕೆ ನಿಗದಿಯಾದ ಕೊನೆಯ ದಿನ 2027ರ ಜನವರಿ 12.

ಬದಲಾವಣೆಯ ಕ್ರಮ ಮೇಲ್ನೋಟಕ್ಕೆ ಸರಳ. ಮೊದಲು ಬ್ಯಾಕಪ್ ತೆಗೆದು, ಅದು ಮರಳಿ ತೆರೆಯುತ್ತದೆಯೇ ಎಂದು ಬೇರೆ ಯಂತ್ರದಲ್ಲಿ ಪರೀಕ್ಷಿಸಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯುವುದೇ ತಪ್ಪು. ಬಳಿಕ ಕಾಯುತ್ತಿರುವ ಯಂತ್ರವನ್ನು ಜೋಡಿಯಿಂದ ಬಿಡಿಸಿ, ಹೊಸ ವ್ಯವಸ್ಥೆ ಅಳವಡಿಸಿ, ಮರಳಿ ಸೇರಿಸಬೇಕು. ನಂತರ ಸೇವೆಯನ್ನು ಅದಕ್ಕೆ ವರ್ಗಾಯಿಸಿ, ಮೊದಲ ಯಂತ್ರವನ್ನು ಕೈಗೆತ್ತಿಕೊಳ್ಳಬೇಕು. ಈ ಅವಧಿಯಲ್ಲಿ ಜೋಡಿ ಇರುವುದಿಲ್ಲ, ಇರುವುದು ಒಂದೇ ಯಂತ್ರ. ನಮ್ಮ ಕರಾವಳಿಯ ಮಳೆಗಾಲದಲ್ಲಿ ವಿದ್ಯುತ್ ಹೇಗಿರುತ್ತದೆ ಎಂಬುದನ್ನು ಬಲ್ಲವರು ಈ ಕೆಲಸಕ್ಕೆ ಜೂನ್–ಜುಲೈಯನ್ನು ಆರಿಸಿಕೊಳ್ಳಲಾರರು.

ಎರಡು ಬೇರೆ ಆವೃತ್ತಿಗಳು ಒಂದೇ ಜೋಡಿಯಲ್ಲಿ ಬಾಳಬಲ್ಲವೇ ಎಂಬುದು ಮುಂದಿನ ಪ್ರಶ್ನೆ. ವಿಂಡೋಸ್ ಸರ್ವರ್ 2016ರಿಂದ ಈಚೆಗೆ ಮೈಕ್ರೋಸಾಫ್ಟ್ ಇದಕ್ಕೆ ಅವಕಾಶ ನೀಡಿದೆ. ಆದರೆ ಕ್ಲಸ್ಟರ್ ಒಂದು ಆವೃತ್ತಿಯಿಂದ ಅದರ ಮುಂದಿನ ಆವೃತ್ತಿಗೆ ಮಾತ್ರ ಹೋಗಬಹುದು. ಮಿಶ್ರ ಸ್ಥಿತಿ ನಾಲ್ಕು ವಾರ ಮೀರಬಾರದೆಂಬ ಸೂಚನೆಯೂ ಇದೆ. ಎಲ್ಲ ಯಂತ್ರಗಳೂ ಹೊಸದಾದ ಮೇಲೆ ಕ್ಲಸ್ಟರ್‌ನ ಕಾರ್ಯಮಟ್ಟವನ್ನು ಏರಿಸಿದರೆ ಮತ್ತೆ ಹಿಂದಕ್ಕೆ ಬರಲಾಗದು. ರೆಡ್‌ಹ್ಯಾಟ್ ಸಂಸ್ಥೆಯದು ಬೇರೆ ನಿಲುವು. ಮುಖ್ಯ ಆವೃತ್ತಿ ಬದಲಾಗುವಾಗ ಕ್ಲಸ್ಟರ್‌ನ ಯಂತ್ರಗಳನ್ನು ಒಂದೊಂದಾಗಿ ಏರಿಸುವುದನ್ನು ಅದು ಬೆಂಬಲಿಸುವುದಿಲ್ಲ. ಹೊಸ ಕ್ಲಸ್ಟರನ್ನೇ ಪಕ್ಕದಲ್ಲಿ ಕಟ್ಟಿ ಸೇವೆಯನ್ನು ಸ್ಥಳಾಂತರಿಸಬೇಕು. ಖರ್ಚು ಹೆಚ್ಚಾದರೂ ಈ ದಾರಿಯೇ ನೆಮ್ಮದಿಯದು, ಏಕೆಂದರೆ ಹಳೆಯ ಜೋಡಿ ಮುಟ್ಟದೆ ಉಳಿದಿರುತ್ತದೆ.

ಸದ್ದಿಲ್ಲದೆ ಹಾನಿ ಮಾಡುವ ತೊಡಕೊಂದು ಇದೆ. ಪೋಸ್ಟ್‌ಗ್ರೆಸ್‌ನಂತಹ ಡೇಟಾಬೇಸ್‌ಗಳು ಹೆಸರುಗಳನ್ನು ಬೇಗ ಹುಡುಕಲು ಅಕಾರಾದಿ ಸೂಚಿಯನ್ನು ಇಟ್ಟುಕೊಳ್ಳುತ್ತವೆ. ಯಾವ ಅಕ್ಷರದ ನಂತರ ಯಾವುದು ಎಂಬ ನಿಯಮವನ್ನು ಅನೇಕ ವೇಳೆ ಆಪರೇಟಿಂಗ್ ಸಿಸ್ಟಮ್ಮಿನ ಜಿಲಿಬ್‌ಸಿ ಎಂಬ ತಂತ್ರಾಂಶ ಭಂಡಾರದಿಂದ ಪಡೆಯುತ್ತವೆ. 2018ರ ಆಗಸ್ಟ್‌ನಲ್ಲಿ ಬಂದ ಅದರ 2.28ನೇ ಆವೃತ್ತಿಯಲ್ಲಿ ಈ ನಿಯಮಗಳು ವ್ಯಾಪಕವಾಗಿ ಬದಲಾದವು. ಸೆಂಟ್‌ಓಎಸ್ 7ರಲ್ಲಿದ್ದುದು 2.17. ಅದರ ಉತ್ತರಾಧಿಕಾರಿಗಳಾದ ಅಲ್ಮಾಲಿನಕ್ಸ್ 8, ರಾಕಿಲಿನಕ್ಸ್ 8ರಲ್ಲಿರುವುದು 2.28. ಹಳೆಯ ಯಂತ್ರದ ಸೂಚಿ ಹೊಸ ಯಂತ್ರಕ್ಕೆ ಇದ್ದಂತೆಯೇ ನಕಲಾದರೆ, ಹಳೆಯ ಕ್ರಮದಲ್ಲಿ ಜೋಡಿಸಿದ ಪುಟಗಳನ್ನು ಹೊಸ ಕ್ರಮದಲ್ಲಿ ಹುಡುಕಿದಂತಾಗುತ್ತದೆ. ದಾಖಲೆ ಇದ್ದೂ ‘ಇಲ್ಲ’ ಎಂಬ ಉತ್ತರ ಬರಬಹುದು; ಒಂದೇ ಹೆಸರು ಎರಡು ಬಾರಿ ನೋಂದಣಿಯಾಗಬಹುದು. ಯಾವ ದೋಷಸಂದೇಶವೂ ಕಾಣಿಸದೆ ಹೋಗಬಹುದು. ಆದ್ದರಿಂದ ಹೊಸ ಯಂತ್ರ ಮುಖ್ಯ ಸ್ಥಾನಕ್ಕೆ ಬಂದೊಡನೆ, ಜನರಿಗೆ ತೆರೆಯುವ ಮುನ್ನ, ಅಕ್ಷರಗಳಿರುವ ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಆರ್‌ಟಿಸಿ, ಋಣಭಾರ ಪತ್ರ, ಆಸ್ಪತ್ರೆಯ ಹಳೆಯ ವರದಿ ಮುಂತಾದವನ್ನು ಹೆಸರಿನ ಮೂಲಕ ಹುಡುಕುವ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಯಂತ್ರಗಳೆರಡರ ನಡುವಿನ ಸಂಪರ್ಕ ಕಡಿದಾಗ ಎರಡೂ ತಾನೇ ಮುಖ್ಯವೆಂದು ಭಾವಿಸಿ ಬರೆಯತೊಡಗುವುದು ಇನ್ನೊಂದು ಅಪಾಯ. ಇದನ್ನು ತಡೆಯಲು ಮೂರನೆಯದೊಂದು ಸಾಕ್ಷಿ ಯಂತ್ರ ಇರಬೇಕು. ಮೂರರಲ್ಲಿ ಎರಡು ಮತ ಬಿದ್ದ ಕಡೆಗೆ ಅಧಿಕಾರ. ಸಾಕ್ಷಿಯನ್ನೂ ಜೋಡಿಯ ಒಂದು ಯಂತ್ರದಲ್ಲೇ ಇಟ್ಟರೆ, ಅದನ್ನು ಬಿಡಿಸಿದಾಗ ಎರಡು ಮತಗಳು ಒಮ್ಮೆಲೇ ಹೋಗಿ ಸೇವೆ ನಿಲ್ಲುತ್ತದೆ.

ಜೋಡಿ ಸರ್ವರ್ ಎಲ್ಲ ರೋಗಕ್ಕೂ ಮದ್ದಲ್ಲ. 2025ರ ಆರಂಭದಲ್ಲಿ ರಾಜ್ಯದ ನೋಂದಣಿ ಕಚೇರಿಗಳ ಕಾವೇರಿ 2.0 ತಂತ್ರಾಂಶ ಸ್ಥಗಿತಗೊಂಡು ಜನ ಪರದಾಡಿದಾಗ, ಹೊರಗಿನಿಂದ ಕೃತಕ ಬೇಡಿಕೆಗಳ ಪ್ರವಾಹ ಹರಿಸಿದ ಸೈಬರ್ ದಾಳಿಯೇ ಕಾರಣವೆಂದು ಅಧಿಕಾರಿಗಳು ತಿಳಿಸಿದ್ದರು. ಅಂತಹ ಪ್ರವಾಹ ಎರಡನೆಯ ಯಂತ್ರವನ್ನೂ ಮುಳುಗಿಸಬಲ್ಲದು. ತಪ್ಪಾಗಿ ಅಳಿಸಿದ ಕಡತ ಕೂಡ ಕ್ಷಣಾರ್ಧದಲ್ಲಿ ಎರಡೂ ಕಡೆ ಅಳಿಯುತ್ತದೆ.

ಕೆಲಸ ಆರಂಭಿಸುವ ಮುನ್ನ ಹಿಂತಿರುಗುವ ಗಳಿಗೆಯನ್ನು ಬರೆದಿಡುವುದು ವಾಡಿಕೆ. ರಾತ್ರಿ 11ಕ್ಕೆ ತೊಡಗಿ, ಬೆಳಗ್ಗೆ 6ಕ್ಕೆ ಸೇವೆ ತೆರೆಯಬೇಕಿದ್ದು, ಹಳೆಯ ಸ್ಥಿತಿಗೆ ಮರಳಲು ಎರಡು ಗಂಟೆ ಬೇಕಿದ್ದರೆ, ನಿರ್ಧಾರದ ಸಮಯ 4 ಗಂಟೆ. ಆಗಲೂ ಪರೀಕ್ಷೆಗಳು ಮುಗಿದಿರದಿದ್ದರೆ, ‘ಇನ್ನು ಹತ್ತೇ ನಿಮಿಷ’ ಎಂಬ ಮಾತಿಗೆ ಕಿವಿಗೊಡದೆ ಹಳೆಯ ಯಂತ್ರಕ್ಕೆ ಮರಳಬೇಕು.