ಜಾರುವ ಮಂಡಿಚಿಪ್ಪಿಗೆ ಆಧಾರಪಟ್ಟಿ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಂಡಿಯ ತೊಂದರೆ ಎಂದೊಡನೆ ನಮ್ಮ ಮನಸ್ಸು ವೃದ್ಧಾಪ್ಯದತ್ತ ಹೊರಳುವುದು ಸಹಜ. ಆದರೆ ಮಂಡಿಚಿಪ್ಪು ತನ್ನ ನೆಲೆಯಿಂದ ಪಕ್ಕಕ್ಕೆ ಜಾರುವ ತೊಂದರೆಯು ಬಹುಮಟ್ಟಿಗೆ ಎಳೆಯರದು. ಹತ್ತರಿಂದ ಇಪ್ಪತ್ತರ ವಯೋಮಾನದವರಲ್ಲಿಯೇ ಇದು ಹೆಚ್ಚಾಗಿ ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಕಬಡ್ಡಿಯಾಡುವ ಹುಡುಗ, ಭರತನಾಟ್ಯ ಕಲಿಯುವ ಹುಡುಗಿ, ವಾರಾಂತ್ಯದಲ್ಲಿ ಗೆಜ್ಜೆ ಕಟ್ಟುವ ಹವ್ಯಾಸಿ ಯಕ್ಷಗಾನ ಕಲಾವಿದ, ಹೀಗೆ ಯಾರ ಮನೆಯಲ್ಲಿಯಾದರೂ ಈ ಪ್ರಸಂಗ ಒದಗಬಹುದು. ಆಗ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ಯಾವ ನೀ ಕ್ಯಾಪ್ ಕೊಳ್ಳೋಣ?' ಎಂಬುದು. ಔಷಧಿ ಅಂಗಡಿಯ ಕಪಾಟಿನಲ್ಲಿ ಹತ್ತಾರು ಬಗೆಯ ಪಟ್ಟಿಗಳಿರುತ್ತವೆ. ಅವುಗಳಲ್ಲಿ ಕೆಲವು ಈ ತೊಂದರೆಗೆ ತಕ್ಕವು, ಹಲವು ಬೇರೆಯದಕ್ಕೆ ಮೀಸಲಾದವು. ಈ ವ್ಯತ್ಯಾಸವನ್ನು ಓದುಗರ ಮುಂದೆ ತಿಳಿಯಾಗಿ ಇರಿಸುವುದು ನಮ್ಮ ಉದ್ದೇಶ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲವೆಂಬುದನ್ನು ಆರಂಭದಲ್ಲಿಯೇ ಅರಿಕೆ ಮಾಡುತ್ತೇವೆ.

ಚಿಪ್ಪು ಜಾರುವುದೇಕೆ?

ತೊಡೆಯ ಮುಂಭಾಗದ ಬಲಿಷ್ಠ ಸ್ನಾಯುವಿನ ಸ್ನಾಯುರಜ್ಜುವಿನೊಳಗೆ ಹುದುಗಿರುವ ಮೂಳೆಯೇ ಮಂಡಿಚಿಪ್ಪು. ತೊಡೆಮೂಳೆಯ ಕೆಳತುದಿಯಲ್ಲಿರುವ ತಗ್ಗಾದ ಗಾಡಿಯಲ್ಲಿ ಅದು, ಬಾವಿಯ ರಾಟೆಯ ಮೇಲೆ ಹಗ್ಗ ಸರಿಯುವಂತೆ, ಮೇಲೆ ಕೆಳಗೆ ಸರಿಯುತ್ತದೆ. ಕಾಲು ನೇರವಾಗಿದ್ದಾಗ ಮತ್ತು ಮಡಿಸುವ ಮೊದಲ 20-30 ಡಿಗ್ರಿಗಳವರೆಗೆ ಚಿಪ್ಪು ಗಾಡಿಯಲ್ಲಿ ಪೂರ್ತಿಯಾಗಿ ಕುಳಿತಿರುವುದಿಲ್ಲ. ಆ ಹೊತ್ತಿನಲ್ಲಿ ಅದನ್ನು ಹೊರಬದಿಗೆ ಹೋಗದಂತೆ ತಡೆಯುವ ಮುಖ್ಯ ಕಾವಲುಗಾರ, ಮಂಡಿಯ ಒಳಬದಿಯಲ್ಲಿರುವ ಒಂದು ತೆಳುವಾದ ಅಸ್ಥಿಬಂಧ. ಪಾದ ನೆಲದಲ್ಲಿ ಊರಿರುವಾಗ ಮೈ ತಟ್ಟನೆ ತಿರುಗಿದರೆ ಚಿಪ್ಪು ಹೊರಬದಿಗೆ ಜಾರುತ್ತದೆ. ಹೀಗೆ ಮೊದಲ ಬಾರಿ ಪೂರ್ತಿ ಕಳಚಿದಾಗ ಆ ಅಸ್ಥಿಬಂಧವು ಬಹುಪಾಲು ಮಂದಿಯಲ್ಲಿ ಹರಿಯುತ್ತದೆ ಅಥವಾ ಸಡಿಲಗೊಳ್ಳುತ್ತದೆ.

ಗಾಡಿಯ ಆಳ ಕಡಿಮೆಯಿರುವುದು, ಚಿಪ್ಪು ಇರಬೇಕಾದುದಕ್ಕಿಂತ ಮೇಲಿರುವುದು, ಮಂಡಿಗಳು ಒಳಕ್ಕೆ ಬಾಗಿರುವುದು, ಮೈಯ ಕೀಲುಗಳೆಲ್ಲ ಹುಟ್ಟಿನಿಂದಲೇ ಸಡಿಲವಾಗಿರುವುದು, ಇವು ಜಾರುವಿಕೆಗೆ ಎಡೆಮಾಡುವ ಕಾರಣಗಳು. ಒಮ್ಮೆ ಜಾರಿದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆಂದು ವೈದ್ಯಕೀಯ ಅಂದಾಜು. ವಯಸ್ಸು ಎಳೆಯದಾಗಿದ್ದು ಗಾಡಿಯೂ ಚಪ್ಪಟೆಯಾಗಿದ್ದರೆ ಈ ಸಂಭವ ಇನ್ನೂ ಹೆಚ್ಚು. ಪ್ರತಿ ಬಾರಿ ಜಾರಿದಾಗಲೂ ಮೂಳೆಯ ತುದಿಯ ಮೃದ್ವಸ್ಥಿಗೆ ಪೆಟ್ಟು ಬೀಳಬಹುದು. ಆ ಪೆಟ್ಟುಗಳು ಕೂಡುತ್ತ ಹೋದಂತೆ ಮೂವತ್ತು ನಲವತ್ತರ ವಯಸ್ಸಿಗೇ ಸಂಧಿವಾತ ತಲೆದೋರಬಹುದು. ಆದುದರಿಂದ ಇಲ್ಲಿ ಪಣಕ್ಕಿರುವುದು ಇಂದಿನ ಪಂದ್ಯವೋ ರಂಗಪ್ರವೇಶವೋ ಅಲ್ಲ, ಮುಂದಿನ ಹಲವು ದಶಕಗಳ ನಡಿಗೆ.

ಪಟ್ಟಿಯಿಂದ ಆಗುವುದೇನು, ಆಗದಿರುವುದೇನು?

ಆಧಾರಪಟ್ಟಿಯು ಹರಿದ ಅಸ್ಥಿಬಂಧವನ್ನು ಕೂಡಿಸಲಾರದು, ಚಪ್ಪಟೆ ಗಾಡಿಯನ್ನು ಆಳಗೊಳಿಸಲಾರದು. ಚಿಪ್ಪಿನ ಹೊರಬದಿಗೆ ಒಂದು ಒತ್ತಾಸೆಯನ್ನು ನೀಡಿ ಅದರ ಸರಿತವನ್ನು ಅಲ್ಪಮಟ್ಟಿಗೆ ತಡೆಯುವುದು ಅದರ ಕೆಲಸ. ಜೊತೆಗೆ, ಚರ್ಮದ ಮೇಲಿನ ಒತ್ತಡದಿಂದ ಮಂಡಿ ಎಲ್ಲಿದೆ, ಹೇಗೆ ಬಾಗುತ್ತಿದೆ ಎಂಬ ಅರಿವು ಹೆಚ್ಚುತ್ತದೆ. ಹೆಜ್ಜೆಯಿಡುವ ಧೈರ್ಯ ಮರಳುತ್ತದೆ. ಲೋಕಲ್ ರೈಲಿನಿಂದ ಇಳಿಯುವಾಗ, ಮೆಟ್ಟಿಲಿಳಿಯುವಾಗ 'ಈಗ ಜಾರೀತು' ಎಂಬ ಭಯದಲ್ಲಿ ಬದುಕುವವರಿಗೆ ಇದು ಸಣ್ಣ ಪ್ರಯೋಜನವಲ್ಲ. ಆದರೆ ಪಟ್ಟಿಯೊಂದರಿಂದಲೇ ಮರುಕಳಿಕೆ ನಿಲ್ಲುತ್ತದೆಂಬುದಕ್ಕೆ ಬಲವಾದ ಪುರಾವೆಯಿಲ್ಲ. ಪಟ್ಟಿ ಊರುಗೋಲಿನಂತೆ, ನಡೆಯಬೇಕಾದುದು ಸ್ನಾಯುವೇ.

ಅಂಗಡಿಯಲ್ಲಿ ದೊರೆಯುವ ಬಗೆಗಳು

1. ಸಾದಾ ನೀ ಕ್ಯಾಪ್: ಸ್ಥಿತಿಸ್ಥಾಪಕ ಬಟ್ಟೆಯ ಕೊಳವೆ. ಕೆಲವು ನೂರು ರೂಪಾಯಿಗಳಲ್ಲಿ ದೊರೆಯುತ್ತದೆ. ಬೆಚ್ಚಗಿಡುತ್ತದೆ, ಊತಕ್ಕೆ ಹಿತವೆನಿಸುತ್ತದೆ. ಚಿಪ್ಪನ್ನು ಹಿಡಿದಿಡುವ ಶಕ್ತಿ ಇದಕ್ಕಿಲ್ಲ. ಚಿಪ್ಪನ್ನು ಪೂರ್ತಿ ಮುಚ್ಚುವ ಬಿಗಿಯಾದ ಕ್ಯಾಪ್ ಕೆಲವರಿಗೆ ನೋವನ್ನು ಹೆಚ್ಚಿಸುವುದೂ ಉಂಟು.

2. ಚಿಪ್ಪಿನ ಸುತ್ತ ಉಂಗುರವಿರುವ ತೋಳು: ಮುಂಭಾಗದಲ್ಲಿ ರಂಧ್ರವಿದ್ದು ಸುತ್ತಲೂ ಸಿಲಿಕೋನ್ ಅಥವಾ ಫೋಮಿನ ಉಂಗುರವಿರುತ್ತದೆ. ಸೌಮ್ಯ ತೊಂದರೆಗೆ, ಮುಂಮಂಡಿಯ ನೋವಿಗೆ ಸಲ್ಲಬಹುದು.

3. ಹೊರಬದಿಯ ಒತ್ತಾಸೆಯುಳ್ಳ ಬ್ರೇಸ್: ಇಂಗ್ಲಿಷಿನ 'ಜೆ' ಅಥವಾ 'ಸಿ' ಅಕ್ಷರದ ಆಕಾರದ ಮೆತ್ತೆಯು ಚಿಪ್ಪಿನ ಹೊರಬದಿಯಲ್ಲಿ ನಿಂತು, ಅದಕ್ಕೆ ಜೋಡಿಸಿದ ಪಟ್ಟಿಗಳು ಚಿಪ್ಪನ್ನು ಒಳಬದಿಗೆ ಎಳೆಯುತ್ತವೆ. ಜಾರುವ ಚಿಪ್ಪಿಗಾಗಿಯೇ ರೂಪುಗೊಂಡ ಬಗೆ ಇದು. ಕಾಲು ಚಾಚಿದಂತೆ ಎಳೆತವೂ ಹೊಂದಿಕೊಳ್ಳುವ ಇಂಥ ಬ್ರೇಸನ್ನು ಅಮೆರಿಕದ ಪಲುಂಬೊ ಎಂಬ ವೈದ್ಯರು 1981ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದರು. ಇದನ್ನು ಕೊಳ್ಳುವಾಗ ಎಡಗಾಲಿನದೋ ಬಲಗಾಲಿನದೋ ಎಂಬುದನ್ನು ತಪ್ಪದೆ ನೋಡಬೇಕು. ಅದಲುಬದಲಾದರೆ ಒತ್ತಾಸೆಯು ಒಳಬದಿಗೆ ಬಂದು, ತಡೆಯಬೇಕಾದ ದಿಕ್ಕಿಗೇ ಚಿಪ್ಪನ್ನು ನೂಕುತ್ತದೆ.

4. ಚಿಪ್ಪಿನ ಕೆಳಗಿನ ಕಿರುಪಟ್ಟಿ: ಎರಡು ಬೆರಳಗಲದ ಈ ಪಟ್ಟಿ, ನೆಗೆತದ ಆಟಗಾರರಿಗೆ ಬರುವ ಸ್ನಾಯುರಜ್ಜುವಿನ ನೋವಿಗಾಗಿ ಇರುವುದು. ಜಾರುವ ಚಿಪ್ಪಿಗೆ ಇದು ಸಾಲದು.

5. ಕೀಲುಳ್ಳ ಬ್ರೇಸ್: ಎರಡೂ ಪಕ್ಕಗಳಲ್ಲಿ ಲೋಹದ ಕೀಲುಗಳಿರುತ್ತವೆ, ಬೆಲೆ ಸಾವಿರಗಳಲ್ಲಿ. ಇದು ಮುಖ್ಯವಾಗಿ ಮಂಡಿಯ ಇತರ ಅಸ್ಥಿಬಂಧಗಳ ಗಾಯಕ್ಕೆ. ಬೆಲೆ ಹೆಚ್ಚೆಂಬ ಮಾತ್ರಕ್ಕೆ ಗುಣವೂ ಹೆಚ್ಚೆಂದು ಭಾವಿಸಲಾಗದು. ಚಿಪ್ಪಿಗೆ ಒತ್ತಾಸೆಯಿರುವ ಕೀಲಿನ ಬ್ರೇಸುಗಳೂ ಇವೆ. ಅವನ್ನು ವೈದ್ಯರು ಸೂಚಿಸಿದರೆ ಮಾತ್ರ ಕೊಳ್ಳುವುದು ಲೇಸು.

6. ಉದ್ದನೆಯ ನೀ ಇಮ್ಮೊಬಿಲೈಸರ್: ಚಿಪ್ಪು ಆಗಷ್ಟೇ ಕಳಚಿ ಕೂಡಿಸಿದ ಬಳಿಕ ಕಾಲನ್ನು ನೇರವಾಗಿಡಲು ಅಲ್ಪಕಾಲ ಬಳಸುವಂಥದು. ವೈದ್ಯರು ಹೇಳಿದ ಅವಧಿಗಿಂತ ಹೆಚ್ಚು ದಿನ ಕಟ್ಟಿದರೆ ಕೀಲು ಬಿಗಿದು ಸ್ನಾಯು ಸೊರಗುತ್ತದೆ.

ಇವಲ್ಲದೆ ಟೇಪು ಅಂಟಿಸುವ ಕ್ರಮವೂ ಇದೆ. ಆಸ್ಟ್ರೇಲಿಯದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕ್‌ಕಾನೆಲ್ ಅವರು 1986ರಲ್ಲಿ ಪ್ರಕಟಿಸಿದ ವಿಧಾನದಿಂದ ಇದು ಪ್ರಚಾರಕ್ಕೆ ಬಂದಿತು. ನೃತ್ಯದ ಉಡುಗೆಯೊಳಗೆ ಬ್ರೇಸ್ ಧರಿಸಲಾಗದವರಿಗೆ ಇದು ಅನುಕೂಲ. ಆದರೆ ಅಂಟಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದಲೇ ಕಲಿಯತಕ್ಕದ್ದು.

ಅಳತೆ ಮತ್ತು ಬಟ್ಟೆ

'ಮೀಡಿಯಂ ಕೊಡಿ' ಎಂದು ಕೇಳಿ ಕೊಳ್ಳುವ ವಸ್ತು ಇದಲ್ಲ. ಚಿಪ್ಪಿನ ನಟ್ಟನಡುವೆ ಟೇಪಿನಿಂದ ಸುತ್ತಳತೆಯನ್ನು ತೆಗೆಯಬೇಕು. ಕೆಲವು ತಯಾರಕರು ಚಿಪ್ಪಿನಿಂದ ಸುಮಾರು 15 ಸೆಂ.ಮೀ. ಮೇಲಿನ ತೊಡೆಯ ಸುತ್ತಳತೆಯನ್ನೂ ಕೇಳುತ್ತಾರೆ. ಒಬ್ಬ ತಯಾರಕರ 'ಎಲ್' ಇನ್ನೊಬ್ಬರ 'ಎಂ' ಆಗಿರಬಹುದಾದುದರಿಂದ ಆಯಾ ಪೆಟ್ಟಿಗೆಯ ಮೇಲಿನ ಕೋಷ್ಟಕವನ್ನೇ ಅನುಸರಿಸಬೇಕು. ಊತವಿರುವಾಗ ತೆಗೆದ ಅಳತೆ ಊತ ಇಳಿದ ಮೇಲೆ ಸಡಿಲಾಗುತ್ತದೆ. ಬೆಳೆಯುವ ಮಕ್ಕಳಿಗೆ ಆಗಾಗ ಮರು ಅಳತೆ ಅಗತ್ಯ.

ಅಂಗಡಿಯಲ್ಲಿಯೇ ಧರಿಸಿ ಹತ್ತು ಹೆಜ್ಜೆ ನಡೆದು, ಕುರ್ಚಿಯಲ್ಲಿ ಕುಳಿತೆದ್ದು, ಸಾಧ್ಯವಾದರೆ ಮೆಟ್ಟಿಲು ಹತ್ತಿಳಿದು ನೋಡುವುದು ಒಳ್ಳೆಯದು. ಬ್ರೇಸ್ ಕೆಳಗೆ ಜಾರಕೂಡದು. ಮಂಡಿಯ ಹಿಂದೆ ಮಡಿಕೆಗಟ್ಟಿ ಚುಚ್ಚಕೂಡದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಪೂಜೆಗೆ ಕೂರುವ ಅಭ್ಯಾಸವಿರುವ ನಮ್ಮ ಮನೆಗಳಲ್ಲಿ ಈ ಹಿಂಬದಿಯ ಮಡಿಕೆ ಬಲುಬೇಗ ಬೇಸರ ತರಿಸುತ್ತದೆ. ಅಂಥ ಹೊತ್ತಿನಲ್ಲಿ ಬ್ರೇಸ್ ತೆಗೆದು, ಕುರ್ಚಿಯನ್ನು ಆಶ್ರಯಿಸುವುದೇ ಸೂಕ್ತ.

ನಿಯೋಪ್ರೀನ್ ಎಂಬ ರಬ್ಬರು ಜಾತಿಯ ಬಟ್ಟೆ ಗಟ್ಟಿ, ಹಿಡಿತವೂ ಚೆನ್ನ. ಆದರೆ ಮುಂಬಯಿಯ ಮಳೆಗಾಲದ ತೇವದಲ್ಲಿ, ಚೆನ್ನೈಯ ಬೇಸಗೆಯಲ್ಲಿ ಅದು ಬೆವರನ್ನು ಒಳಗೇ ಹಿಡಿದಿಡುತ್ತದೆ. ಕೆಲವರಿಗೆ ಅದರಲ್ಲಿರುವ ರಾಸಾಯನಿಕಗಳಿಂದ ಚರ್ಮದ ಅಲರ್ಜಿಯೂ ಆಗುತ್ತದೆ. ಅಂಥವರು ಗಾಳಿಯಾಡುವ ಹೆಣೆದ ಬಟ್ಟೆಯದನ್ನು ಆರಿಸಿಕೊಳ್ಳಬಹುದು. ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಕೈಯಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು, ಇಸ್ತ್ರಿ ಸಲ್ಲದು.

ಧರಿಸುವ ಕ್ರಮ

ಆಟ, ಅಭ್ಯಾಸ, ದೂರದ ನಡಿಗೆ, ಜನಸಂದಣಿಯ ಪ್ರಯಾಣ ಇವುಗಳಿಗಷ್ಟೇ ಬ್ರೇಸ್ ಸಾಕು. ವೈದ್ಯರು ಹೇಳದ ಹೊರತು ಮಲಗುವಾಗ ತೆಗೆದಿರಿಸಬೇಕು. ಪಾದ ಜೋಮು ಹಿಡಿದರೆ, ಬೆರಳು ತಣ್ಣಗಾದರೆ, ಬಣ್ಣ ನೀಲಿಗಟ್ಟಿದರೆ ಕೂಡಲೇ ಬಿಚ್ಚಬೇಕು. ಮಧುಮೇಹದಿಂದ ಕಾಲಿನ ಸಂವೇದನೆ ಕುಂದಿರುವವರು, ಕಾಲಿನ ರಕ್ತನಾಳಗಳ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಯಾವುದೇ ಬಿಗಿಪಟ್ಟಿಯನ್ನು ಧರಿಸಬಾರದು. ಯಕ್ಷಗಾನದ ಮಂಡಿ ಕುಣಿತದಲ್ಲಿ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುವುದರಿಂದ, ಚಿಪ್ಪು ಜಾರಿದ ಇತಿಹಾಸವುಳ್ಳವರು ಬ್ರೇಸನ್ನು ನಂಬಿ ಅದಕ್ಕೆ ಮುಂದಾಗುವುದು ತರವಲ್ಲ.

ಬ್ರೇಸಿನೊಂದಿಗೆ ವ್ಯಾಯಾಮ ಅನಿವಾರ್ಯ. ತೊಡೆಯ ಮುಂಭಾಗದ ಸ್ನಾಯು ಮತ್ತು ಸೊಂಟದ ಪಕ್ಕದ ಸ್ನಾಯುಗಳನ್ನು ಬಲಪಡಿಸುವ, ಒಂಟಿಕಾಲಿನ ಸಮತೋಲನವನ್ನು ಸುಧಾರಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟರು ಹಂತಹಂತವಾಗಿ ಕಲಿಸುತ್ತಾರೆ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ.

ಯಾರನ್ನು ಕಾಣಬೇಕು?

ಚಿಪ್ಪು ಕಳಚಿ ಪಕ್ಕದಲ್ಲಿಯೇ ನಿಂತಿದ್ದರೆ ಯಾರೂ ಬಲವಂತದಿಂದ ನೂಕಬಾರದು. ಎಣ್ಣೆ ತಿಕ್ಕಿ ನೀವುವುದೂ ಸಲ್ಲದು. ಕಾಲಿಗೆ ದಿಂಬಿನ ಆಸರೆ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ತಾನಾಗಿಯೇ ಕೂಡಿಕೊಂಡಿದ್ದರೂ ಮೊದಲ ಬಾರಿಯಾದರೆ ಮೂಳೆವೈದ್ಯರನ್ನು ಕಾಣಲೇಬೇಕು. ಗಂಟೆಗಳೊಳಗೆ ಮಂಡಿ ಬಲವಾಗಿ ಊದಿಕೊಳ್ಳುವುದು, ಮಂಡಿ ಸಿಕ್ಕಿಕೊಂಡಂತಾಗುವುದು, ಇವು ಮೂಳೆ ಅಥವಾ ಮೃದ್ವಸ್ಥಿಯ ಚೂರು ಒಳಗೆ ಬಿದ್ದಿರಬಹುದೆಂಬುದರ ಸೂಚನೆ; ಎಕ್ಸ್-ರೇ, ಎಂ.ಆರ್.ಐ. ಅಗತ್ಯವಾಗಬಹುದು. ಮೇಲಿಂದ ಮೇಲೆ ಜಾರುತ್ತಿದ್ದರೆ ಒಳಬದಿಯ ಅಸ್ಥಿಬಂಧವನ್ನು ಮರುರೂಪಿಸುವ ಶಸ್ತ್ರಚಿಕಿತ್ಸೆ ಇಂದು ರೂಢಿಯಲ್ಲಿದೆ. ಅದನ್ನು ಮುಂದೂಡುವ ನೆಪವಾಗಿ ಬ್ರೇಸ್ ಬಳಕೆಯಾಗಬಾರದು.

ಬ್ರೇಸ್ ಅಳೆದು ಹೊಂದಿಸಿಕೊಡುವ ತಜ್ಞರನ್ನು ಆರ್ಥೋಟಿಸ್ಟ್ ಎನ್ನುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಮುಂಬಯಿಯ ಓದುಗರಿಗೆ, ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯಲ್ಲಿ ಈ ವಿಭಾಗವಿದೆ. ಇತರ ನಗರಗಳ ಬಂಧುಗಳು ದೊಡ್ಡ ಸರಕಾರಿ ಆಸ್ಪತ್ರೆಗಳ ಮೂಳೆ ಮತ್ತು ಪುನರ್ವಸತಿ ವಿಭಾಗಗಳಲ್ಲಿ ವಿಚಾರಿಸಬಹುದು.

ಒಟ್ಟಿನಲ್ಲಿ ಮೊದಲು ರೋಗನಿರ್ಣಯ, ಬಳಿಕ ವ್ಯಾಯಾಮ, ಅದರ ಜೊತೆಗೆ ತಕ್ಕ ಅಳತೆಯ ಬ್ರೇಸ್ ಎಂಬ ಕ್ರಮವನ್ನು ಪಾಲಿಸಿದರೆ ಹಣವೂ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ. ಮಕ್ಕಳು 'ಮಂಡಿ ಜಾರಿದ ಹಾಗಾಯಿತು' ಎಂದಾಗ, 'ಏನೂ ಇಲ್ಲ, ಆಡು ಹೋಗು' ಎಂದು ತಳ್ಳಿಹಾಕದೆ ಒಮ್ಮೆ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಹೆತ್ತವರಲ್ಲಿ ನಮ್ಮ ವಿನಂತಿ.