ಪೆರಿಯಾರಿನ ನೀರೂ ಶಾಸನಸಭೆಗಳೂ

ದಿಂಡಿಗಲ್ಲಿಗೆ ನೈಋತ್ಯದಲ್ಲಿರುವ ಕಂಬಂ ಕಣಿವೆಯ ಗದ್ದೆಗಳಿಗೆ ಹರಿಯುವ ನೀರು ಪಡುಗಡಲು ಸೇರುವ ಪೆರಿಯಾರಿನದು. 1895ರಲ್ಲಿ ಪೆನ್ನಿಕ್ವಿಕ್ ಮುಗಿಸಿದ ಅಣೆಕಟ್ಟು ಅದನ್ನು ಸುರಂಗದ ಮೂಲಕ ಮೂಡಲಿಗೆ ತಿರುಗಿಸಿತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಇಲ್ಲಿನ ಒಕ್ಕಲು ಮನೆತನಗಳೂ ಇದೇ ನೀರನ್ನು ನಂಬಿ ಬಾಳಿವೆ.

ಇದಕ್ಕೆ ಆಧಾರವಾದ ಕರಾರು 1886ರ ಅಕ್ಟೋಬರ್ 29ರದು: 8000 ಎಕರೆ, 999 ವರ್ಷ, ಎಕರೆಗೆ 5 ರೂಪಾಯಿ ಗುತ್ತಿಗೆ. ಆಗ ತಿರುವಾಂಕೂರಿನಲ್ಲಿ ಶಾಸನಸಭೆಯೇ ಇರಲಿಲ್ಲ. ಅದು ಹುಟ್ಟಿದ್ದು 1888ರಲ್ಲಿ. ಮದರಾಸಿನಲ್ಲಿ ಸಭೆಯಿದ್ದರೂ, ಆಯವ್ಯಯವನ್ನು ಚರ್ಚಿಸುವ, ಪ್ರಶ್ನೆ ಕೇಳುವ ಅಧಿಕಾರ ಸದಸ್ಯರಿಗೆ ದೊರೆತದ್ದು 1892ರ ಕಾಯಿದೆಯಿಂದ. ಸಾವಿರ ವರ್ಷಕ್ಕೆ ಒಂದೇ ಕಡಿಮೆಯಾದ ಮಾತನ್ನು ಪ್ರಜೆಗಳನ್ನು ಕೇಳದೆಯೇ ಆಡಿ ಮುಗಿಸಿದರೆಂದು ನಾವು ಹೇಳಬೇಕಾಗಿದೆ. 1970ರಲ್ಲಿ ಗುತ್ತಿಗೆ 30 ರೂಪಾಯಿಗೇರಿತು, ವಿದ್ಯುತ್ತಿಗೂ ಹಣ ಗೊತ್ತಾಯಿತು. ಅದೂ ಸರಕಾರಗಳ ನಡುವಣ ಒಪ್ಪಂದವೇ.

ಶಾಸನಸಭೆ ತಾನೇ ಮುಂದಾದದ್ದು 2006ರಲ್ಲಿ. ಸರ್ವೋಚ್ಚ ನ್ಯಾಯಾಲಯವು ಫೆಬ್ರವರಿಯಲ್ಲಿ 142 ಅಡಿ ನೀರು ನಿಲ್ಲಿಸಲು ಅನುಮತಿಯಿತ್ತಿತು. ಮರುತಿಂಗಳೇ ಕೇರಳದ ಸಭೆ 136 ಅಡಿಯ ಮಿತಿಯನ್ನು ಕಾಯಿದೆಯಾಗಿ ವಿಧಿಸಿತು. ಆ ಆರು ಅಡಿಯ ಒಂದು ಕಡೆ ನಮ್ಮ ಕಣಿವೆಯ ಬೆಳೆ, ಇನ್ನೊಂದು ಕಡೆ ಇಡುಕ್ಕಿಯ ಮನೆಗಳು. ಅಲ್ಲಿನವರ ಭೀತಿ ಹುಸಿಯೆಂದು ನಾವು ಹೇಳೆವು. ಆದರೆ ನ್ಯಾಯಾಲಯದ ತೀರ್ಪನ್ನು ಶಾಸನಸಭೆ ಕಾಯಿದೆಯಿಂದ ನಿರರ್ಥಕಗೊಳಿಸಲಾಗದೆಂದು 2014ರ ಮೇ 7ರಂದು ಆ ಕಾಯಿದೆ ಅಸಿಂಧುವಾಯಿತು. ಅದೇ ನವೆಂಬರಿನಲ್ಲಿ ನೀರು 142 ಅಡಿ ಮುಟ್ಟಿತು.