ಜಿದ್ದಾ ಎಷ್ಟು ದೂರ, ಕಿಬ್ಲಾ ಯಾವ ಕಡೆ?

ಬೆಂಗಳೂರು ವಿಮಾನ ನಿಲ್ದಾಣದಿಂದ ನಮ್ಮ ಹಜ್ಜ್ ಯಾತ್ರಿಕರು ಇಳಿಯುವ ಜಿದ್ದಾ ನಿಲ್ದಾಣಕ್ಕೆ ನೇರ ದೂರ ಸುಮಾರು 4,185 ಕಿ.ಮೀ. ಇದನ್ನು ಯಾರೂ ಹಗ್ಗ ಹಿಡಿದು ಅಳೆದಿಲ್ಲ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಮತ್ತು ಭೂಮಿಯ ಗಾತ್ರ ತಿಳಿದಿದ್ದರೆ ಲೆಕ್ಕವೇ ದೂರವನ್ನು ಹೇಳುತ್ತದೆ. ಎರಡು ಊರುಗಳನ್ನೂ ಉತ್ತರ ಧ್ರುವವನ್ನೂ ದುಂಡು ಭೂಮಿಯ ಮೇಲೆ ಜೋಡಿಸಿದರೆ ಒಂದು ತ್ರಿಕೋನವಾಗುತ್ತದೆ. ಅದರ ಒಂದು ಬದಿ ದೂರ, ನಮ್ಮ ಊರಿನಲ್ಲಿರುವ ಕೋನ ದಿಕ್ಕು. ಜಿದ್ದಾದ ಬದಲು ಮಕ್ಕಾವನ್ನು ಇಟ್ಟರೆ ಆ ದಿಕ್ಕೇ ಕಿಬ್ಲಾ.

ಈ ಲೆಕ್ಕದ ಬೆಳವಣಿಗೆಯಲ್ಲಿ ನಮ್ಮ ಪೂರ್ವಿಕರ ಪಾಲು ದೊಡ್ಡದು. ಖಲೀಫಾ ಮಾಮೂನ್ (813–833) ಕಾಲದ ವಿದ್ವಾಂಸರು ಸಿಂಜಾರ್ ಬಯಲಿನಲ್ಲಿ ಉತ್ತರ-ದಕ್ಷಿಣವಾಗಿ ನಡೆದು, ಭೂಮಿಯ ಒಂದು ಡಿಗ್ರಿಗೆ ಎಷ್ಟು ಮೈಲಿ ಎಂದು ಅಳೆದರು. 973ರಲ್ಲಿ ಹುಟ್ಟಿದ ಅಲ್-ಬಿರೂನಿ, ನಂದನಾ ಕೋಟೆಯ ಬಳಿಯ ಬೆಟ್ಟದಿಂದ ದಿಗಂತದ ಕೋನ ನೋಡಿ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. 1025ರಲ್ಲಿ ಮುಗಿಸಿದ ಗ್ರಂಥದಲ್ಲಿ ಅವರು ಬಗ್ದಾದಿನಿಂದ ಘಜ್ನಿಯವರೆಗಿನ ಊರುಗಳ ದಾರಿಯ ದೂರವನ್ನು ತೆಗೆದುಕೊಂಡು, ತಿರುವುಗಳಿಗಾಗಿ ಒಂದಿಷ್ಟು ಕಳೆದು, ಘಜ್ನಿಯ ಸ್ಥಾನ ನಿರ್ಧರಿಸಿದರು. ಉದ್ದೇಶ ಒಂದೇ: ಅಲ್ಲಿನ ಜನ ಸರಿಯಾದ ಕಡೆಗೆ ಮುಖ ಮಾಡಿ ನಮಾಝ್ ಮಾಡಬೇಕು.

ಅದೇ ಪ್ರಶ್ನೆ ಮುಂದೆ ನಮ್ಮ ಊರಿಗೂ ಬಂತು. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿಯ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದ. ಅದು ಆಳುವವರ ನಕ್ಷೆಗೆ ಬೇಕಾಗಿತ್ತು. ನಾವು ಕೈಬಿಟ್ಟ ವಿದ್ಯೆ ಬೇರೆಯವರ ಕೈಯಲ್ಲಿತ್ತು.

ಇಂದು ಪೀಣ್ಯದ ಶೆಡ್ಡುಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಕೋಣೆಗಳಲ್ಲಿ ಸಫ್ ಹಾಕುವಾಗ ಒಬ್ಬೊಬ್ಬರ ಮೊಬೈಲ್ ಒಂದೊಂದು ದಿಕ್ಕು ತೋರಿಸುತ್ತದೆ. ಕಬ್ಬಿಣದ ಯಂತ್ರಗಳ ನಡುವೆ ದಿಕ್ಸೂಚಿ ತಪ್ಪುವುದು ಸಹಜ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೂ ಪಶ್ಚಿಮದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ ಎಂದು ಬರುತ್ತದೆ. ದುಂಡು ಭೂಮಿಯ ಲೆಕ್ಕದಲ್ಲಿ ಅದು ಸುಮಾರು ಹದಿನೆಂಟೂವರೆ. ಇದಕ್ಕಾಗಿ ಜಗಳವಾಡಬೇಕಿಲ್ಲ. ಕಅಬಾ ಕಾಣದಷ್ಟು ದೂರದಲ್ಲಿರುವವರು ಆ ದಿಕ್ಕಿಗೆ ಮುಖ ಮಾಡಿದರೆ ಸಾಕು, ಅಲ್ಪ ವ್ಯತ್ಯಾಸದಿಂದ ನಮಾಝ್ ಕೆಡುವುದಿಲ್ಲ ಎಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ಹಳೆಯ ಮಸ್ಜಿದ್ ಕಟ್ಟಿದ ಹಿರಿಯರನ್ನು ದೂರುವುದು ಸಲ್ಲದು.

ಆದರೆ ಹೊಸದಾಗಿ ಕಟ್ಟುವಾಗ ಉಪೇಕ್ಷೆಯೂ ಸಲ್ಲದು. ಮೇ 27–28ರಂದು ಮಧ್ಯಾಹ್ನ 2.48ಕ್ಕೂ, ಜುಲೈ 15–16ರಂದು 2.57ಕ್ಕೂ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ನಿಮಿಷ ಬಿಸಿಲಿನಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ. ನೆರಳಿಗೆ ಎದುರು ದಿಕ್ಕೇ ಕಿಬ್ಲಾ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ನಮಾಝಿಗಾಗಿ ಹಿರಿಯರು ಕಲಿತ ಲೆಕ್ಕವನ್ನು ಅವರೂ ಕಲಿಯಲಿ. ಪ್ರಯೋಜನಕಾರಿ ಜ್ಞಾನವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.